ಒಂದು ಗಿಟಾರ್, ಒಂದು ಟ್ರ್ಯಾಕ್, ಹಾಡುವವರು ಯಾರೂ ಇಲ್ಲ: ಸೆಟ್‌ಲಿಸ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ತೋರಣಗಲ್ಲು, ಗಂಗಾವತಿ, ಸಾಣಾಪುರ, ರಾಯಚೂರು. ಈ ಸುತ್ತಿನಲ್ಲಿ ನಾನು ಒಬ್ಬನೇ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ, ಹಿಂದೆ ಬ್ಯಾಕಿಂಗ್ ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿದ ಹಿನ್ನೆಲೆ ವಾದ್ಯ, ಓಡುತ್ತಿರುತ್ತದೆ. ಹಾಡುವುದಿಲ್ಲ. ನನ್ನ ದನಿ ಕೇಳಿದವರು ಹಾಡು ಅಂತ ಯಾವತ್ತೂ ಕೇಳಿಲ್ಲ. ಹೊಸದಾಗಿ ಶುರು ಮಾಡುವ ಹುಡುಗರು ಫೋನ್ ಮಾಡಿ ಸೆಟ್‌ಲಿಸ್ಟ್ ಬಗ್ಗೆ, ಅಂದರೆ ಯಾವ ಹಾಡು ಯಾವ ಕ್ರಮದಲ್ಲಿ ಅನ್ನುವ ಪಟ್ಟಿಯ ಬಗ್ಗೆ, ಮತ್ತೆ ಮತ್ತೆ ಇವೇ ಪ್ರಶ್ನೆ ಕೇಳುತ್ತಾರೆ, ಹಾಗಾಗಿ ಒಂದೇ ಕಡೆ ಬರೆದು ಹಾಕಿದ್ದೇನೆ.

ಹಾಡುವವರೇ ಇಲ್ಲದಿದ್ದರೆ ಜನ ಕೂತು ಕೇಳುತ್ತಾರಾ?

ಗುರುತು ಸಿಕ್ಕರೆ ಕೇಳುತ್ತಾರೆ. ಸಿಗದಿದ್ದರೆ ಊಟದ ಕಡೆ ನಡೆಯುತ್ತಾರೆ.

ಯಾವ ಹಾಡು ಆರಿಸಿಕೊಳ್ಳಬೇಕು?

ಪದ ತೆಗೆದ ಮೇಲೂ ನಿಲ್ಲುವ ಹಾಡು. ಇದೊಂದೇ ಲೆಕ್ಕ. ನಿಮಗೆ ಇಷ್ಟವಾದ ಹಾಡುಗಳಲ್ಲಿ ಅರ್ಧಕ್ಕರ್ಧ ನಿಜವಾಗಿ ಇಷ್ಟವಾಗಿರುವುದು ಸಾಹಿತ್ಯಕ್ಕೆ, ಇಲ್ಲ ಹಾಡಿದವರ ದನಿಗೆ, ಇಲ್ಲ ಆ ಸೀನಿನಲ್ಲಿ ಹೀರೋ ಮಳೆಯಲ್ಲಿ ನಿಂತಿದ್ದ ಅನ್ನುವುದಕ್ಕೆ. ಗಿಟಾರ್‌ಗೆ ಬಂದಾಗ ಅದೆಲ್ಲ ಕಳಚಿಹೋಗಿ ಬರೀ ಟ್ಯೂನ್ ಉಳಿಯುತ್ತದೆ. ಆಗ ಗೊತ್ತಾಗುತ್ತದೆ, ಅಯ್ಯೋ ಇದರಲ್ಲಿ ಇರುವುದು ಮೂರೇ ಸ್ವರ ಅಂತ.

ನಾನು ಮಾಡುವ ಪರೀಕ್ಷೆ ಹೇಳುತ್ತೇನೆ. ನಮ್ಮ ಓಣಿಯ ಮೂಲೆಯಲ್ಲಿ ಒಂದು ಚಹಾ ಅಂಗಡಿ ಇದೆ. ಮಾಲೀಕರಿಗೆ ಸಂಗೀತ ಗೊತ್ತಿಲ್ಲ, ಆದರೆ ದಿನಕ್ಕೆ ಹದಿನಾಲ್ಕು ಗಂಟೆ ರೇಡಿಯೋ ಕೇಳುತ್ತಾರೆ. ಹೊಸ ಹಾಡು ಹಾಕಬೇಕು ಅನ್ನಿಸಿದಾಗ ಟ್ರ್ಯಾಕ್ ಇಲ್ಲದೆ, ಬರೀ ಒಂದೇ ತಂತಿಯಲ್ಲಿ ನುಡಿಸಿ ಫೋನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ ಅವರಿಗೆ ಕೇಳಿಸುತ್ತೇನೆ. ಹತ್ತು ಸೆಕೆಂಡ್ ಒಳಗೆ ಅವರ ತಲೆ ಅಲ್ಲಾಡಿತು ಅಂದರೆ ಹಾಡು ಲಿಸ್ಟಿಗೆ ಬಂತು. "ಎಲ್ಲೋ ಕೇಳಿದಂಗೈತಲ್ಲ" ಅಂದರೆ ಕಾಯುವ ಪಟ್ಟಿ. ಚಹಾ ಸೋಸುತ್ತಾ ಸುಮ್ನೆ ಇದ್ದುಬಿಟ್ಟರೆ ಅಲ್ಲಿಗೆ ಮುಗಿಯಿತು, ಅದು ಎಷ್ಟೇ ದೊಡ್ಡ ಹಿಟ್ ಆಗಿರಲಿ. ಅವರು ಇದುವರೆಗೆ ತಪ್ಪಿದ್ದು ಎರಡೇ ಸಲ.

ಎರಡನೇ ಮಾತು, ನಿಮ್ಮ ಕೈ. ಡ್ರಮ್ಮರ್ ಇದ್ದರೆ ನೀವು ತಪ್ಪಿದಾಗ ಮುಖ ನೋಡಿ ಇನ್ನೊಂದು ಸುತ್ತು ಬಾರಿಸುತ್ತಾನೆ. ಟ್ರ್ಯಾಕ್ ಕಾಯುವುದಿಲ್ಲ. ಮನೆಯಲ್ಲಿ ಹತ್ತರಲ್ಲಿ ಎಂಟು ಸಲ ಸರಿಯಾಗಿ ಬರುವ ಹಾಡು ಸ್ಟೇಜಿಗೆ ತಯಾರಾಗಿಲ್ಲ ಅಂತಲೇ ಅರ್ಥ. ಟಿವಿ ಹಾಕಿಕೊಂಡು, ಪಕ್ಕದಲ್ಲಿ ಯಾರೋ ಮಾತಾಡಿಸುತ್ತಿದ್ದಾಗಲೂ ಹತ್ತಕ್ಕೆ ಹತ್ತು ಸಲ ಬರಬೇಕು.

ಯಾವುದನ್ನು ಬಿಡಬೇಕು?

ಒಂದೇ ಸ್ವರದ ಮೇಲೆ ಪಟಪಟ ಮಾತು ಓಡುವ ಹಾಡುಗಳನ್ನು ಮೊದಲು ಬಿಡಿ. ಈಗಿನ ಮಾಸ್ ಹಾಡುಗಳಲ್ಲಿ ಬಹಳಷ್ಟು ಹೀಗೇ ಇವೆ. ಬಾಯಲ್ಲಿ ಖಡಕ್ ಆಗಿ ಕೇಳುತ್ತವೆ, ಗಿಟಾರಲ್ಲಿ ಬಾಗಿಲು ತಟ್ಟಿದ ಹಾಗೆ. ಹುಡುಗರು ಕೇಳಿದರೆ ಅದರ ಹುಕ್ ಲೈನ್ ಮಾತ್ರ ಅರ್ಧ ನಿಮಿಷ ನುಡಿಸಿ ಬೇರೆಯದಕ್ಕೆ ಜಿಗಿಯಿರಿ.

ತುಂಬಾ ಉದ್ದಕ್ಕೆ ಎಳೆಯುವ ಹಾಡುಗಳೂ ಕಷ್ಟ. ಗಾಯಕ ನಾಲ್ಕು ಸೆಕೆಂಡ್ ಸ್ವರ ಹಿಡಿದು ನಿಲ್ಲಬಲ್ಲ, ಆದರೆ ಕ್ಲೀನ್ ಗಿಟಾರ್ ಸ್ವರ ಮೀಟಿದ ಕೂಡಲೇ ಇಳಿಯಲು ಶುರುವಾಗುತ್ತದೆ. ಕಂಪ್ರೆಸರ್, ಸ್ವಲ್ಪ ಓವರ್‌ಡ್ರೈವ್, ಇಲ್ಲ ಸ್ಲೈಡ್ ಇದ್ದರೆ ಸಂಭಾಳಿಸಬಹುದು. ಬರೀ ಅಕೌಸ್ಟಿಕ್ ಆದರೆ ಅಂಥ ಹಾಡನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಮೂರನೆಯದು ನಾನು ಪೆಟ್ಟು ತಿಂದು ಕಲಿತದ್ದು. ಒಂದು ರಿಸೆಪ್ಷನ್‌ನಲ್ಲಿ ಒಂದು ಹಳೆಯ ನಿಧಾನದ ಹಾಡು ನುಡಿಸಿದೆ. ಟ್ಯೂನ್ ಎಷ್ಟು ಚೆನ್ನಾಗಿದೆ ಅಂದರೆ ಕಣ್ಣು ಮುಚ್ಚಿಕೊಂಡೇ ನುಡಿಸಿದ್ದೆ. ಕಣ್ಣು ಬಿಟ್ಟಾಗ ಹುಡುಗಿಯ ಅಜ್ಜಿ ಸ್ಟೇಜ್ ಪಕ್ಕ ಬಂದು ನಿಂತಿದ್ದರು. "ಏನಪ್ಪಾ, ಹೆಂಡ್ತಿ ಸತ್ತಾಗ ಹಾಡೋ ಹಾಡು ಮದುವೆ ಮನ್ಯಾಗ ಬಾರಿಸ್ತಿ?" ನಾನು ಪದ ಹಾಡಿರಲಿಲ್ಲ. ಆದರೆ ಕೇಳುವವರ ತಲೆಯಲ್ಲಿ ಪದ ತಾನಾಗಿ ಓಡುತ್ತಿರುತ್ತದೆ, ಗಿಟಾರ್ ಅದನ್ನು ಎಬ್ಬಿಸುತ್ತದೆ ಅಷ್ಟೆ. ಅವತ್ತಿನಿಂದ ಪ್ರತಿ ಹಾಡಿನ ಸಾಹಿತ್ಯವನ್ನು ಪೂರ್ತಿ ಓದದೆ ಲಿಸ್ಟಿಗೆ ಹಾಕುವುದಿಲ್ಲ. ತೆಲುಗು ಹಾಡಾದರೆ ತೆಲುಗು ಬರುವವರಿಂದ ಅರ್ಥ ಕೇಳಿಕೊಳ್ಳುತ್ತೇನೆ.

ಎರಡು ಗಂಟೆ ಕಾರ್ಯಕ್ರಮಕ್ಕೆ ಎಷ್ಟು ಹಾಡು ಬೇಕು?

ಲೆಕ್ಕ ಹಾಕೋಣ. ಎರಡು ಗಂಟೆ ಅಂದರೆ 50 ನಿಮಿಷದ ಎರಡು ಸೆಟ್, ನಡುವೆ 20 ನಿಮಿಷ ವಿರಾಮ. ಒಂದು ಹಾಡು ಸರಾಸರಿ 3 ನಿಮಿಷ 15 ಸೆಕೆಂಡ್ ಅಂದುಕೊಳ್ಳಿ. 13 ಹಾಡಿಗೆ 42 ನಿಮಿಷ ಚಿಲ್ಲರೆ. ನಡುವಿನ 12 ಗ್ಯಾಪ್‌ಗೆ ಅರ್ಧರ್ಧ ನಿಮಿಷ ಇಟ್ಟರೆ 6 ನಿಮಿಷ. ಒಟ್ಟು 48. ಹಾಗಾಗಿ ಸೆಟ್ಟಿಗೆ 13, ಎರಡು ಸೆಟ್ಟಿಗೆ 26. ಜೊತೆಗೆ ಐದಾರು ಹೆಚ್ಚಿನವು ಕೈಯಲ್ಲಿರಲಿ.

26 ಹಾಡು ಇಲ್ಲವಾ? ಹಾಗಾದರೆ ಒಂದು ಗಂಟೆಯ ಕಾರ್ಯಕ್ರಮ ಮಾತ್ರ ಒಪ್ಪಿಕೊಳ್ಳಿ. ಹಾಡು ಸಾಲದೆ ಮೊದಲ ಸೆಟ್ಟಿನದ್ದನ್ನೇ ಮತ್ತೆ ನುಡಿಸಿದರೆ ಜನ ಕಂಡುಹಿಡಿಯಲ್ಲ ಅಂದುಕೊಂಡಿದ್ದೀರಾ? ಅಡುಗೆ ಭಟ್ಟರೂ ಕಂಡುಹಿಡಿಯುತ್ತಾರೆ.

ಹಾಡನ್ನು ಪೂರ್ತಿ ನುಡಿಸಬೇಕಾ?

ಬೇಡ. ಇದು ಬಹಳ ಮುಖ್ಯ, ಯಾರೂ ಹೇಳಿಕೊಡುವುದಿಲ್ಲ.

ನಮ್ಮ ಸಿನಿಮಾ ಹಾಡಿನ ಅಂಗಾಂಗ ನೋಡಿ. ಪಲ್ಲವಿ, ಇಂಟರ್‌ಲೂಡ್, ಮೊದಲ ಚರಣ, ಪಲ್ಲವಿ, ಇನ್ನೊಂದು ಇಂಟರ್‌ಲೂಡ್, ಎರಡನೇ ಚರಣ, ಮತ್ತೆ ಪಲ್ಲವಿ. ಹಾಡುವವರಿಗೆ ಎರಡನೇ ಚರಣದಲ್ಲಿ ಹೊಸ ಸಾಹಿತ್ಯ ಇರುತ್ತದೆ, ಹಾಗಾಗಿ ಕಥೆ ಮುಂದೆ ಹೋಗುತ್ತದೆ. ಗಿಟಾರ್‌ಗೆ ಏನಿದೆ? ಅದೇ ಟ್ಯೂನ್, ಅದೇ ಜಾಗ, ಅದೇ ಬೆರಳು. ಕೇಳುವವರಿಗೆ ಅದು ಈಗಷ್ಟೇ ನುಡಿಸಿದ್ದೇ. ಅಲ್ಲಿಗೆ ಫೋನ್ ಹೊರಗೆ ಬರುತ್ತದೆ.

ಟ್ರ್ಯಾಕನ್ನು ಆಡಾಸಿಟಿಯಂಥ ಯಾವುದಾದರೂ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದು ಎರಡನೇ ಇಂಟರ್‌ಲೂಡ್ ಮತ್ತು ಎರಡನೇ ಚರಣ ಎರಡನ್ನೂ ಕತ್ತರಿಸಿ. ತಾಳದ ಸಮಕ್ಕೆ ಸರಿಯಾಗಿ ಕತ್ತರಿಸಿದರೆ ಸೇರಿಸಿದ್ದು ಗೊತ್ತಾಗುವುದಿಲ್ಲ. ಐದು ನಿಮಿಷದ ಹಾಡು ಮೂರಕ್ಕೆ ಇಳಿಯುತ್ತದೆ. ಚರಣ ಇಡಲೇಬೇಕು ಅನ್ನಿಸಿದರೆ ಎರಡನೇ ಸಲ ಒಂದು ಆಕ್ಟೇವ್ ಮೇಲೆ ಹೋಗಿ ನುಡಿಸಿ, ಇಲ್ಲ ಟ್ಯೂನ್ ಬಿಟ್ಟು ಅದೇ ಕಾರ್ಡ್‌ಗಳ ಮೇಲೆ ನಿಮ್ಮದೇ ಸೋಲೋ ಮಾಡಿ.

ಇಂಟರ್‌ಲೂಡ್‌ನಲ್ಲಿ ಕೊಳಲೋ ವಯಲಿನ್ನೋ ಇದ್ದು ನೀವು 25 ಸೆಕೆಂಡ್ ಕೈಕಟ್ಟಿ ನಿಲ್ಲಬೇಕಾಗಿ ಬಂದರೆ ಅದನ್ನೂ ಕತ್ತರಿಸಿ ಅಥವಾ ಆ ಕೊಳಲಿನ ಜೊತೆ ನೀವೂ ನುಡಿಸಿ. ಕರಾವೋಕೆಯಲ್ಲಿ ಹಾಡುವವರು ಆ ಹೊತ್ತಿಗೆ ನೀರು ಕುಡಿಯುತ್ತಾರೆ, ನಗುತ್ತಾರೆ. ಗಿಟಾರ್ ಹಿಡಿದವನು ಸುಮ್ಮನೆ ನಿಂತರೆ ಕರೆಂಟ್ ಹೋದ ಹಾಗೆ ಕಾಣುತ್ತದೆ.

ಬಳ್ಳಾರಿಗೆ ಮಾಡಿದ ಲಿಸ್ಟ್ ರಾಯಚೂರಿಗೂ ನಡೆಯುತ್ತಾ?

ಮುಕ್ಕಾಲು ಭಾಗ ನಡೆಯುತ್ತದೆ. ಉಳಿದ ಕಾಲು ಭಾಗದಲ್ಲೇ ಊರು ಕಾಣುವುದು.

ಬಳ್ಳಾರಿ 1953ರವರೆಗೆ ಮದ್ರಾಸ್ ಕಡೆಯ ಜಿಲ್ಲೆ. ಆಂಧ್ರದ ಗಡಿ ಕೂಗಳತೆ ದೂರ. ಇಲ್ಲಿ ಕನ್ನಡ, ತೆಲುಗು ಒಂದೇ ಮನೆಯ ಎರಡು ಕೋಣೆ ಇದ್ದ ಹಾಗೆ. ತೊಂಬತ್ತರ ದಶಕದ ತೆಲುಗು ಮೆಲೊಡಿ ನಾಲ್ಕು ಇಲ್ಲದೆ ಬಳ್ಳಾರಿಯಲ್ಲಿ ರಿಸೆಪ್ಷನ್ ಮುಗಿಸಲು ಆಗಲ್ಲ. ಎಷ್ಟೋ ಟ್ಯೂನ್‌ಗಳು ಎರಡೂ ಭಾಷೆಯಲ್ಲಿ ಬಂದಿವೆ. ಅಂಥವು ಸಿಕ್ಕರೆ ಬಿಡಬೇಡಿ, ಒಂದು ಮೇಜಿನವರು ಕನ್ನಡದಲ್ಲಿ ಗುನುಗುತ್ತಾರೆ, ಪಕ್ಕದ ಮೇಜಿನವರು ತೆಲುಗಿನಲ್ಲಿ. ಹಾಡುಗಾರನಿಗೆ ಈ ಭಾಗ್ಯ ಇಲ್ಲ, ಅವನು ಒಂದು ಭಾಷೆ ಆರಿಸಿಕೊಳ್ಳಲೇಬೇಕು.

ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ಸಂಸ್ಥಾನ ಮತ್ತು ಆಮೇಲಿನ ಹೈದರಾಬಾದ್ ರಾಜ್ಯದಲ್ಲಿ ಇದ್ದವು. ರಾಯಚೂರಿನ ಹಳೆಯ ಓಣಿಗಳಲ್ಲಿ ದಖನಿ ಉರ್ದು ಇನ್ನೂ ದಿನದ ಮಾತು. ಅಲ್ಲಿ ಐವತ್ತು ದಾಟಿದವರ ಮುಖ ಅರಳಬೇಕಾದರೆ ಗಜಲ್ ಮತ್ತು ಹಳೆಯ ಹಿಂದಿ ಹಾಡು ಬೇಕು. ಜೊತೆಗೆ ರಾಯಚೂರು ಜಿಲ್ಲೆ ದಾಸರ ನೆಲ, ಜಗನ್ನಾಥದಾಸರ ಮಾನ್ವಿ ಅಲ್ಲೇ ಇದೆ. ಒಂದು ದಾಸರ ಪದ ಇಟ್ಟುಕೊಳ್ಳಿ. ಗಜಲ್ ಆದ ಮೇಲೆ ದಾಸರ ಪದ ನುಡಿಸಿದರೂ ರಾಯಚೂರಿನವರಿಗೆ ಅದು ವಿಚಿತ್ರ ಅನ್ನಿಸುವುದಿಲ್ಲ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಾಲೊನಿ ಕಡೆ ನುಡಿಸಿದರೆ ಕೇಳುವವರಲ್ಲಿ ಒಡಿಶಾ, ಬಂಗಾಳ, ಮಹಾರಾಷ್ಟ್ರ ಎಲ್ಲ ಇರುತ್ತಾರೆ. ಹಿಂದಿ ಜಾಸ್ತಿ ಮಾಡಿ.

ಸಾಣಾಪುರ, ಆನೆಗೊಂದಿ ಲೆಕ್ಕ ಬೇರೆ. ಕೊಪ್ಪಳ ಜಿಲ್ಲೆಯೇ, ಆದರೆ ಹಂಪಿ ನೋಡಲು ಬಂದವರು ಹೊಳೆ ದಾಟಿ ಬಂದು ಉಳಿಯುವ ಜಾಗ. ಬೆಂಗಳೂರಿನವರು, ಹೈದರಾಬಾದಿನವರು, ವಿದೇಶದವರು. ಸಂಜೆ ಬಂಡೆ ಮೇಲೆ ಸೂರ್ಯ ಮುಳುಗುವುದನ್ನು ನೋಡಿ ಬಂದು ಕೂತಿರುತ್ತಾರೆ, ಅವರಿಗೆ ಢಂ ಢಂ ಬೇಡ. ಟ್ರ್ಯಾಕ್ ತೆಳ್ಳಗಿರಲಿ. ಬ್ಲೂಸ್, ನಿಧಾನದ ಗ್ರೂವ್, ನಿಮ್ಮ ಸ್ವಂತದ್ದು, ಎಲ್ಲ ಇಲ್ಲಿ ನಡೆಯುತ್ತದೆ. ಆದರೆ ಊಟ ಬಡಿಸುವ ಹುಡುಗರು ಸುತ್ತಲಿನ ಹಳ್ಳಿಯವರು ಅನ್ನುವುದು ಮರೆಯಬೇಡಿ. ಒಂದು ಕನ್ನಡ ಹಾಡು ನುಡಿಸಿದ ಕೂಡಲೇ ಅಡುಗೆ ಮನೆ ಕಿಟಕಿಯಲ್ಲಿ ಮೂರು ತಲೆ ಕಾಣುತ್ತವೆ. ಆಮೇಲೆ ನಿಮಗೆ ಬರುವ ಊಟದ ತಟ್ಟೆಯೇ ಬೇರೆ.

ಮೊದಲು ಯಾವುದು, ಕೊನೆಗೆ ಯಾವುದು?

ಮೊದಲನೆಯದು ನಿದ್ದೆಯಲ್ಲೂ ಬರುವ ಹಾಡು, ಮಧ್ಯಮ ವೇಗ, ಎಲ್ಲರಿಗೂ ಗೊತ್ತಿರುವುದು. ಆ ಮೂರು ನಿಮಿಷ ನೀವು ನುಡಿಸುತ್ತಿರುವುದು ಜನರಿಗಲ್ಲ, ಸೌಂಡ್ ಸರಿ ಮಾಡುವ ಹುಡುಗನಿಗೆ. ಗಿಟಾರ್ ಜಾಸ್ತಿ ಆಯಿತಾ, ಟ್ರ್ಯಾಕ್ ಮುಳುಗಿತಾ ಅಂತ ಅವನು ತಡಕಾಡುವಾಗ ನಿಮ್ಮ ಕಷ್ಟದ ಸೋಲೋ ಹಾಕಿ ಹಾಳು ಮಾಡಿಕೊಳ್ಳಬೇಡಿ. ಕಷ್ಟದ್ದು ನಾಲ್ಕನೆಯದೋ ಐದನೆಯದೋ ಇರಲಿ. ಆ ಹೊತ್ತಿಗೆ ಬೆರಳು ಬಿಸಿಯಾಗಿರುತ್ತದೆ, ಸುಸ್ತೂ ಆಗಿರುವುದಿಲ್ಲ.

ಒಂದರ ಹಿಂದೆ ಒಂದು ಅದೇ ಶ್ರುತಿ, ಅದೇ ವೇಗ ಬೇಡ. ಮೂರು ಹಾಡು ಎ ಮೈನರ್‌ನಲ್ಲಿ ಸಾಲಾಗಿ ಬಂದರೆ ಜನರಿಗೆ ಕಾರಣ ಗೊತ್ತಾಗುವುದಿಲ್ಲ, ಆದರೆ ಬೇಜಾರು ಗೊತ್ತಾಗುತ್ತದೆ. ಹಾಡುಗಾರ ಇದ್ದಾಗ ಪದ ಬದಲಾಗುತ್ತದೆ, ಇಲ್ಲಿ ಬದಲಾಗಲು ಇರುವುದು ಶ್ರುತಿ, ವೇಗ, ನಿಮ್ಮ ಟೋನ್, ಇಷ್ಟೇ. ಲಿಸ್ಟಿನ ಪಕ್ಕ ಪ್ರತಿ ಹಾಡಿಗೂ ಶ್ರುತಿ ಮತ್ತು ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ವೇಗದ ಲೆಕ್ಕ) ಬರೆದುಕೊಂಡು ನೋಡಿ. ಎಲ್ಲವೂ 90ರಿಂದ 100ರ ನಡುವೆ ಬಿದ್ದಿದ್ದರೆ ನಿಮ್ಮ ರುಚಿ ಒಂದೇ ಕಡೆ ಕೂತಿದೆ ಅಂತ ಅರ್ಥ. ನನ್ನ ಮೊದಲ ಲಿಸ್ಟ್ ಪೂರ್ತಿ ಹಾಗೇ ಇತ್ತು.

ತಂತಿ ಇಳಿಸಿ ನುಡಿಸುವ ಹಾಡು, ಅಂದರೆ ಡ್ರಾಪ್ ಡಿ ತರಹದ್ದು, ಇದ್ದರೆ ಅವನ್ನೆಲ್ಲ ವಿರಾಮದ ಪಕ್ಕ ಒಟ್ಟಿಗೆ ಇಡಿ. ಹಾಡು ಹಾಡಿಗೆ ಗಿಟಾರಿನ ಕಿವಿ ತಿರುಚುತ್ತಾ ನಿಂತರೆ ಚೆನ್ನಾಗಿರಲ್ಲ.

ಕೊನೆಯದು ಜನ ಚಪ್ಪಾಳೆ ತಟ್ಟಿ ತಾಳ ಹಾಕುವಂಥದ್ದು. ಜನಪದ ಟ್ಯೂನ್ ಇದಕ್ಕೆ ಒಳ್ಳೆಯದು. ಸಾಲು ಚಿಕ್ಕದು, ಎಲ್ಲರಿಗೂ ಗೊತ್ತು, ಯಾವ ಸುತ್ತಿನಲ್ಲಿ ಬೇಕಾದರೂ ನಿಲ್ಲಿಸಬಹುದು.

ರಾಗದ ಹಾಡು, ದಾಸರ ಪದ ಗಿಟಾರಲ್ಲಿ ಕೂರುತ್ತವಾ? ನನಗೆ ಪೆಂಟಾಟೋನಿಕ್ ಬಿಟ್ಟರೆ ಏನೂ ಬರಲ್ಲ.

ಪೆಂಟಾಟೋನಿಕ್, ಅಂದರೆ ಐದು ಸ್ವರದ ಸ್ಕೇಲ್, ಬಂದರೆ ಐದು ರಾಗದ ಸ್ವರ ನಿಮಗೆ ಆಗಲೇ ಬರುತ್ತದೆ. ತಮಾಷೆ ಅಲ್ಲ. ಎಲ್ಲರೂ ಮೊದಲು ಕಲಿಯುವ ಎ ಮೈನರ್ ಪೆಂಟಾಟೋನಿಕ್ ತಗೊಳ್ಳಿ, ಎ, ಸಿ, ಡಿ, ಇ, ಜಿ. ಎ ಅನ್ನು ಷಡ್ಜ ಮಾಡಿಕೊಂಡರೆ ಶುದ್ಧ ಧನ್ಯಾಸಿ. ಅದೇ ಸ್ವರಗಳಲ್ಲಿ ಸಿ ಷಡ್ಜ ಆದರೆ ಮೋಹನ, ಡಿ ಆದರೆ ಮಧ್ಯಮಾವತಿ, ಇ ಆದರೆ ಹಿಂದೋಳ, ಜಿ ಆದರೆ ಶುದ್ಧ ಸಾವೇರಿ. ಕರ್ನಾಟಕ ಸಂಗೀತದವರು ಇದನ್ನು ಗ್ರಹಭೇದ ಅನ್ನುತ್ತಾರೆ. ಫ್ರೆಟ್‌ಬೋರ್ಡ್ ಮೇಲೆ ಬೆರಳಿನ ಜಾಗ ಬದಲಾಗುವುದೇ ಇಲ್ಲ, ಎಲ್ಲಿ ಬಂದು ನಿಲ್ಲುತ್ತೀರಿ ಅನ್ನುವುದಷ್ಟೇ ಬದಲು.

ನವರಾತ್ರಿಯಲ್ಲಿ, ಶುಕ್ರವಾರದ ಪೂಜೆಯಲ್ಲಿ ಮನೆಮನೆಯಲ್ಲಿ ಲಕ್ಷ್ಮಿಯನ್ನು ಕರೆಯುವ ಆ ಪುರಂದರದಾಸರ ಪದ ಇದೆಯಲ್ಲ, ಅದು ಈಗ ಹಾಡುವ ರೂಢಿಯಲ್ಲಿ ಮಧ್ಯಮಾವತಿ. ಡಿ ತಂಬೂರಿ ಹಾಕಿಕೊಂಡು ನಿಮ್ಮ ಹಳೆಯ ಎ ಮೈನರ್ ಬಾಕ್ಸ್‌ನಲ್ಲೇ ಹುಡುಕಿ, ಹತ್ತು ನಿಮಿಷದಲ್ಲಿ ಸಿಗುತ್ತದೆ.

ಸ್ವರ ಸಿಕ್ಕಿದ್ದಕ್ಕೆ ರಾಗ ಸಿಕ್ಕಿತು ಅಂದುಕೊಳ್ಳಬೇಡಿ. ಗಮಕ ತಂತಿ ಎಳೆದೇ ತರಬೇಕು. ದಪ್ಪ ತಂತಿಯಲ್ಲಿ ಕೈ ನೋಯುತ್ತದೆ, ನಾನು 9ರ ಸೆಟ್, ಅಂದರೆ ತೆಳು ತಂತಿ, ಹಾಕುತ್ತೇನೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನು ಹಾಡಿದವರ ರೆಕಾರ್ಡಿಂಗ್ ಕೇಳುತ್ತಾ ಒಂದೊಂದೇ ಸಾಲು ಕಲಿಯಬೇಕು, ಬೇರೆ ದಾರಿ ಇಲ್ಲ. ಟ್ರ್ಯಾಕ್‌ಗೆ ತಂಬೂರಿ ಮತ್ತು ಒಂದು ತಬಲಾ ಸಾಕು. ಕೀಬೋರ್ಡ್ ಕಾರ್ಡ್ ತುಂಬಿಸಿದರೆ ಗಮಕ ಅದರ ಜೊತೆ ಜಗಳಕ್ಕೆ ಬೀಳುತ್ತದೆ.

ಟ್ರ್ಯಾಕ್ ಎಲ್ಲಿಂದ ತರುವುದು?

ಮೂರು ದಾರಿ. ದುಡ್ಡು ಕೊಟ್ಟು ಕರಾವೋಕೆ ಟ್ರ್ಯಾಕ್ ಕೊಳ್ಳುವುದು. ಮೂಲ ಹಾಡಿನಿಂದ ದನಿ ತೆಗೆಯುವ ಆ್ಯಪ್ ಬಳಸುವುದು. ಸ್ವಂತ ಮಾಡಿಕೊಳ್ಳುವುದು.

ದನಿ ತೆಗೆಯುವ ಆ್ಯಪ್‌ಗಳು ಈಗ ಚೆನ್ನಾಗಿವೆ, ಆದರೆ ಇಯರ್‌ಫೋನ್‌ನಲ್ಲಿ ಕೇಳದ ದನಿಯ ಚೂರು 15 ಇಂಚಿನ ಸ್ಪೀಕರ್‌ನಲ್ಲಿ ದೆವ್ವದ ಹಾಗೆ ಕೇಳುತ್ತದೆ. ಗಾಯಕ ಬಾವಿಯೊಳಗಿಂದ ಹಾಡಿದ ಹಾಗೆ. ದೊಡ್ಡ ಸ್ಪೀಕರ್‌ನಲ್ಲಿ ಒಮ್ಮೆ ಕೇಳದೆ ಒಯ್ಯಬೇಡಿ.

ನನಗೆ ಸ್ವಂತದ್ದೇ ಇಷ್ಟ. ಡ್ರಮ್ಸ್, ಬೇಸ್, ಹಿಂದೆ ಒಂದು ತೆಳ್ಳನೆ ಪ್ಯಾಡ್ (ಕೀಬೋರ್ಡಿನ ಎಳೆದ ದನಿ). ಮೂರೇ. ಕೊಂಡ ಟ್ರ್ಯಾಕ್‌ನಲ್ಲಿ ಎಲ್ಲ ತುಂಬಿರುತ್ತದೆ, ಅದರಲ್ಲಿ ಒಂದು ಗಿಟಾರೂ ಇರುತ್ತದೆ, ಅದು ನಿಮ್ಮದಕ್ಕಿಂತ ಚೆನ್ನಾಗಿ ನುಡಿಸುತ್ತಿರುತ್ತದೆ!

ಯಾವ ದಾರಿಯಲ್ಲಿ ತಂದರೂ ಎಲ್ಲ ಟ್ರ್ಯಾಕ್‌ನ ಗಟ್ಟಿತನ ಒಂದೇ ಮಟ್ಟಕ್ಕೆ ತನ್ನಿ. ಒಂದು ಪಿಸುಗುಟ್ಟಿ ಇನ್ನೊಂದು ಕಿರುಚಿದರೆ ಎಷ್ಟೇ ಒಳ್ಳೆಯ ಸೆಟ್‌ಲಿಸ್ಟೂ ಕೆಡುತ್ತದೆ. ಶುರುವಿನಲ್ಲಿ ಎರಡು ಬಾರ್, ಅಂದರೆ ತಾಳದ ಎರಡು ಸುತ್ತು, ಸ್ಟಿಕ್ ಕೌಂಟ್ ಸೇರಿಸಿ. ಟಕ್ ಟಕ್ ಕೇಳಿದರೆ ಜನಕ್ಕೂ ಹುರುಪು.

ಹಳೆಯ ಹಾಡಿನ ಟ್ರ್ಯಾಕ್ ಜೊತೆ ನನ್ನ ಗಿಟಾರ್ ಸೇರುತ್ತಲೇ ಇಲ್ಲ. ಟ್ಯೂನರ್ ಸರಿ ತೋರಿಸುತ್ತದೆ.

ಟ್ಯೂನರ್ ಸರಿಯೇ ಇದೆ, ಟ್ಯೂನರ್ ಲೆಕ್ಕ ಹಿಡಿಯುವ 440 ಹರ್ಟ್ಸ್‌ನ ಎ ಸ್ವರಕ್ಕೆ ಹಾಡು ಕೂತಿಲ್ಲ. ಟೇಪ್ ಕಾಲದ ರೆಕಾರ್ಡಿಂಗ್‌ಗಳು ಎಷ್ಟೋ ಸಲ ಗಿಟಾರಿನ ಎರಡು ಮನೆಗಳ ನಡುವೆ ಕೂತಿರುತ್ತವೆ. ಪ್ರತಿ ಹಾಡಿಗೂ ಗಿಟಾರ್ ತಿರುಚಬೇಡಿ, ಟ್ರ್ಯಾಕನ್ನೇ ಸೆಂಟ್ಸ್ (ಒಂದು ಮನೆಯ ನೂರನೇ ಒಂದು ಪಾಲು) ಲೆಕ್ಕದಲ್ಲಿ ಮೇಲೆ ಕೆಳಗೆ ಮಾಡಿ ಸೇವ್ ಮಾಡಿ. ಶ್ರುತಿ ಪೂರ್ತಿ ಬದಲಿಸುವುದಾದರೆ ಒಂದೆರಡು ಸೆಮಿಟೋನ್, ಅಂದರೆ ಒಂದೆರಡು ಮನೆ, ಸಾಕು, ಅದಕ್ಕಿಂತ ಎಳೆದರೆ ಡ್ರಮ್ಸ್ ಡಬ್ಬದ ಹಾಗೆ ಕೇಳುತ್ತದೆ.

ಮನೆಯಲ್ಲಿ ಟ್ರ್ಯಾಕ್ ಸೂಪರ್, ಮಂಟಪದಲ್ಲಿ ಅರ್ಧ ವಾದ್ಯ ಮಾಯ. ಯಾಕೆ?

ಮನೆಯಲ್ಲಿ ಸ್ಟೀರಿಯೋ, ಮಂಟಪದಲ್ಲಿ ಮೋನೋ. ನಮ್ಮ ಕಡೆ ಬಹುತೇಕ ಸೌಂಡ್ ಸಿಸ್ಟಂ ಮೋನೋದಲ್ಲೇ ಓಡುತ್ತದೆ. ಎಡ ಬಲ ಎರಡನ್ನೂ ಕೂಡಿಸಿದಾಗ ಕೆಲವು ದನಿ ಒಂದನ್ನೊಂದು ಹೊಡೆದು ಹಾಕುತ್ತವೆ. ನಡುವಿನ ದನಿ ತೆಗೆದು ಮಾಡಿದ ಹಳೆಯ ಕರಾವೋಕೆಗಳಲ್ಲಿ ಇದು ಜಾಸ್ತಿ. ಒಮ್ಮೊಮ್ಮೆ ಪೂರ್ತಿ ಟ್ರ್ಯಾಕೇ ಕಾಣೆ. ಮನೆಯಲ್ಲೇ ಮೋನೋ ಮಾಡಿ ಕೇಳಿ, ಸರಿ ಇದ್ದರೆ ಮೋನೋ ಫೈಲನ್ನೇ ಒಯ್ಯಿರಿ.

ಇದರದ್ದೇ ಇನ್ನೊಂದು ಕಥೆ. ಎಡಕ್ಕೆ ಕ್ಲಿಕ್ (ವೇಗ ಹಿಡಿಯಲು ತಾಳದ ಟಕ್ ಟಕ್), ಬಲಕ್ಕೆ ಸಂಗೀತ ಹಾಕಿ, ಕ್ಲಿಕ್ ನನ್ನ ಕಿವಿಗೆ ಮಾತ್ರ ಬರುವ ಹಾಗೆ ಟ್ರ್ಯಾಕ್ ಮಾಡಿಕೊಂಡಿದ್ದೆ. ದೊಡ್ಡವರು ಹಾಗೆ ಮಾಡುತ್ತಾರೆ ಅಂತ ನೋಡಿದ್ದೆ. ಒಂದು ಮಂಟಪದಲ್ಲಿ ಸೌಂಡ್‌ನವನು ಎರಡೂ ವೈರ್ ಕೂಡಿಸಿ ಹಾಲ್‌ಗೆ ಬಿಟ್ಟ. ನಾಲ್ಕು ಹಾಡು ಪೂರ್ತಿ ಟಕ್ ಟಕ್ ಟಕ್. ನನ್ನ ಕಿವಿಯಲ್ಲಿ ಹೇಗೂ ಕ್ಲಿಕ್ ಇತ್ತಲ್ಲ, ನನಗೆ ಗೊತ್ತೇ ಆಗಲಿಲ್ಲ. ವಿರಾಮದಲ್ಲಿ ಒಬ್ಬ ಹಿರಿಯರು ಬಂದು, "ಹಾಡು ಚಲೋ ಬಾರಿಸಿದ್ರಿ, ಆದ್ರೆ ಆ ಟಕ್ ಟಕ್ ಏನ್ರೀ, ಜನರೇಟರ್ ಏನು?" ಅಂದರು. ಈಗ ಕ್ಲಿಕ್ ಬಿಟ್ಟಿದ್ದೇನೆ. ಡ್ರಮ್ಸ್ ಕೇಳಿಕೊಂಡೇ ನುಡಿಸುತ್ತೇನೆ.

ಫೋನಿಂದ ಟ್ರ್ಯಾಕ್ ಓಡಿಸಬಹುದಾ?

ಧಾರಾಳವಾಗಿ. ಏರೋಪ್ಲೇನ್ ಮೋಡ್ ಹಾಕಿ, ಅಲಾರಂ ತೆಗೆಯಿರಿ, ಫೈಲ್ ಫೋನ್ ಒಳಗೇ ಇರಲಿ. ನೆಟ್ ನಂಬಿಕೊಂಡು ಯೂಟ್ಯೂಬಿಂದ ಓಡಿಸಿದರೆ ನಡುವೆ ಜಾಹೀರಾತು ಬರುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ. ಬ್ಲೂಟೂತ್ ಬೇಡ, ತಡವಾಗಿ ಬರುತ್ತದೆ, ವೈರೇ ಬೇಕು. ಒಂದು ಹಾಡು ಮುಗಿದ ಮೇಲೆ ಮುಂದಿನದು ತಾನಾಗಿ ಶುರುವಾಗದ ಹಾಗೆ ಸೆಟ್ ಮಾಡಿ. ಅದೇ ಫೈಲ್‌ಗಳು ಇನ್ನೊಂದು ಹಳೆಯ ಫೋನಲ್ಲೂ ಇರಲಿ.

ಕರೆಂಟ್ ಹೋದರೆ?

ಜನರೇಟರ್ ಶುರುವಾಗುವವರೆಗೆ ಒಂದೆರಡು ನಿಮಿಷ ಕತ್ತಲು. ಎಲೆಕ್ಟ್ರಿಕ್ ಗಿಟಾರ್ ಆಗ ಕಟ್ಟಿಗೆ ತುಂಡು. ಅದಕ್ಕೇ ಒಂದು ಅಕೌಸ್ಟಿಕ್ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಟ್ರ್ಯಾಕ್ ಇಲ್ಲದೆ ಬೆರಳಿನಲ್ಲೇ ಬೇಸ್ ಮತ್ತು ಟ್ಯೂನ್ ಎರಡೂ ನುಡಿಸುವ ಮೂರು ಹಾಡು ಯಾವಾಗಲೂ ತಯಾರಿರಬೇಕು. ಗಂಗಾವತಿಯಲ್ಲಿ ಒಮ್ಮೆ ಹೀಗೆ ಕತ್ತಲಲ್ಲಿ ನುಡಿಸಿದಾಗ ಮುಂದಿನ ಎರಡು ಸಾಲಿನವರು ಫೋನ್ ಟಾರ್ಚ್ ಹಾಕಿದರು, ಮಕ್ಕಳು ಬಂದು ನನ್ನ ಕಾಲ ಹತ್ತಿರ ಕೂತರು. ಜನರೇಟರ್ ಬಂದಾಗ ಸ್ವಲ್ಪ ಬೇಜಾರೇ ಆಯಿತು.

ನಮ್ಮ ಬಿಸಿಲಿಗೆ ಗಿಟಾರ್ ಶ್ರುತಿ ನಿಲ್ಲುತ್ತಾ?

ರಾಯಚೂರಲ್ಲಿ ಏಪ್ರಿಲ್, ಮೇ ತಿಂಗಳು 40 ಡಿಗ್ರಿ ದಾಟುವುದು ಮಾಮೂಲು. ತಂತಿ ಬಿಸಿಯಾದರೆ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಎಸಿ ಕೋಣೆಯಲ್ಲಿ ಟ್ಯೂನ್ ಮಾಡಿ ಬಯಲು ಸ್ಟೇಜಿಗೆ ಬಂದರೆ ಮೊದಲ ಹಾಡಿನಲ್ಲೇ ಟ್ರ್ಯಾಕ್ ಒಂದು ಕಡೆ, ನೀವು ಒಂದು ಕಡೆ. ಅರ್ಧ ಗಂಟೆ ಮೊದಲೇ ಗಿಟಾರನ್ನು ಸ್ಟೇಜಿನ ನೆರಳಲ್ಲಿ ತಂದಿಟ್ಟು ಆಮೇಲೆ ಟ್ಯೂನ್ ಮಾಡಿ. ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ಬಿಡಲೇಬೇಡಿ, ಅಂಟು ಬಿಡುತ್ತದೆ. ಬೇಸಿಗೆಯ ಲಿಸ್ಟಿನಲ್ಲಿ ಮೂರು ಹಾಡಿಗೊಮ್ಮೆ ಒಂದು ನಿಮಿಷ ಟ್ಯೂನಿಂಗ್‌ಗೆ ಅಂತಲೇ ಬಿಟ್ಟಿರುತ್ತೇನೆ, ಆಗ ಎರಡು ಮಾತಾಡಿದರೆ ಆಯಿತು.

ಇನ್ನೊಂದು, ಕಾರ್ಯಕ್ರಮಕ್ಕೆ ಮೊದಲು ಮಂಡಕ್ಕಿ ಒಗ್ಗರಣೆ ಓಕೆ, ಮಿರ್ಚಿ ಬೇಡ. ಎಣ್ಣೆ ಬೆರಳು ತಂತಿ ಮೇಲೆ ನಿಲ್ಲಲ್ಲ. ಮುಗಿದ ಮೇಲೆ ಎಷ್ಟಾದರೂ ತಿನ್ನಿ.

ಚೀಟಿ ಬರೆದು ಹಾಡು ಕೇಳುತ್ತಾರೆ. ನನ್ನ ಹತ್ತಿರ ಆ ಟ್ರ್ಯಾಕ್ ಇಲ್ಲ.

ಇಲ್ಲ ಅಂತ ಹೇಳಿ, ಆದರೆ ಅದರ ಪಲ್ಲವಿಯ ಎರಡು ಸಾಲು ಟ್ರ್ಯಾಕ್ ಇಲ್ಲದೆ ನುಡಿಸಿ ಮುಂದಕ್ಕೆ ಹೋಗಿ. ಕೇಳಿದವರಿಗೆ ಅಷ್ಟೇ ಸಾಕು. ಚೀಟಿಗಳನ್ನು ಎಸೆಯಬೇಡಿ, ಮನೆಗೆ ತನ್ನಿ. ನನ್ನ ಈಗಿನ ಲಿಸ್ಟಿನಲ್ಲಿ ಕಾಲು ಭಾಗ ಚೀಟಿಯಿಂದ ಬಂದದ್ದು.

ಲೈಸೆನ್ಸ್ ಬೇಕಾ? ನಾನು ಹಾಡಲ್ಲವಲ್ಲ.

ಹಾಡದಿದ್ದರೂ ಟ್ಯೂನ್ ಬೇರೆಯವರದ್ದೇ ತಾನೆ. ಸಂಗೀತ ಕೃತಿಗೆ ಭಾರತದಲ್ಲಿ ರಚಿಸಿದವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಕಾಪಿರೈಟ್ ಇರುತ್ತದೆ. ಮದುವೆಗೆ ಸಂಬಂಧಪಟ್ಟ ಸಮಾರಂಭಗಳಿಗೆ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ಹೋಟೆಲ್, ರೆಸಾರ್ಟ್, ಟಿಕೆಟ್ ಕಾರ್ಯಕ್ರಮ ಆದರೆ ಐಪಿಆರ್‌ಎಸ್ ತರಹದ, ಹಾಡು ಬರೆದವರ ಮತ್ತು ಸಂಗೀತ ಮಾಡಿದವರ ಹಕ್ಕು ನೋಡಿಕೊಳ್ಳುವ ಸಂಸ್ಥೆಗಳಿಂದ ಪರವಾನಗಿ ಬೇಕು. ಅದನ್ನು ಯಾರು ತೆಗೆದುಕೊಳ್ಳುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ. ದಾಸರ ಪದಕ್ಕೆ, ಹಳೆಯ ಜನಪದಕ್ಕೆ ಈ ಚಿಂತೆ ಇಲ್ಲ, ಆದರೆ ಬೇರೆಯವರು ಮಾಡಿದ ಟ್ರ್ಯಾಕ್ ಬಳಸಿದರೆ ಆ ರೆಕಾರ್ಡಿಂಗ್‌ಗೆ ಬೇರೆ ಹಕ್ಕು ಇರುತ್ತದೆ. ಸ್ವಂತ ಟ್ರ್ಯಾಕ್ ಮಾಡಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ರಾತ್ರಿ ಎಷ್ಟು ಗಂಟೆವರೆಗೆ ನುಡಿಸಬಹುದು?

ಬಯಲಲ್ಲಿ ಧ್ವನಿವರ್ಧಕ ಹತ್ತು ಗಂಟೆಗೆ ಬಂದ್, ಬೆಳಿಗ್ಗೆ ಆರರವರೆಗೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ನಿಮ್ಮ ಕಾರ್ಯಕ್ರಮ ಎಂಟಕ್ಕೆ ಅಂತ ಹೇಳಿ, ಭಾಷಣ ಮುಗಿದು ಒಂಬತ್ತೂ ಕಾಲಿಗೆ ಕರೆಯುವುದು ನಮ್ಮಲ್ಲಿ ಹೊಸದಲ್ಲ, ನವೆಂಬರ್‌ನ ರಾಜ್ಯೋತ್ಸವ ಕಾರ್ಯಕ್ರಮಗಳಲ್ಲಂತೂ ಇದು ಗ್ಯಾರಂಟಿ. ಹಾಗಾಗಿ 50 ನಿಮಿಷದ ಲಿಸ್ಟಿನಲ್ಲಿ ಅರ್ಧ ಗಂಟೆಯ ಲಿಸ್ಟ್ ಯಾವುದು ಅಂತ ಮೊದಲೇ ಗುರುತು ಹಾಕಿಡಿ. ಬಿಡುವ ಹಾಡಿಗೆ ನಾನು ಚುಕ್ಕೆ ಇಡುತ್ತೇನೆ.

ರಿಸೆಪ್ಷನ್‌ನಲ್ಲಿ ಯಾರೂ ನನ್ನ ಕಡೆ ನೋಡುವುದೇ ಇಲ್ಲ.

ನೋಡಲ್ಲ. ಅವರು ಹೂಗುಚ್ಛ ಹಿಡಿದು ಸಾಲಲ್ಲಿ ನಿಂತಿದ್ದಾರೆ, ಫೋಟೋ ಆಗಬೇಕು, ಊಟ ಆಗಬೇಕು, ಕೊನೆ ಬಸ್ ಸಿಗಬೇಕು. ಅವರ ತುಟಿ ನೋಡಿ. ಸಾಲಲ್ಲಿ ನಿಂತು ಗುನುಗುತ್ತಿದ್ದರೆ ನಿಮ್ಮ ಲಿಸ್ಟ್ ಸರಿ ಇದೆ.

ಸ್ವಂತ ಕಂಪೋಸಿಷನ್ ಎಷ್ಟು ಹಾಕಬಹುದು?

ಮದುವೆಯಲ್ಲಿ ಒಂದು, ಎರಡು ಗುರುತಿನ ಹಾಡುಗಳ ನಡುವೆ, ಯಾರಿಗೂ ಹೇಳದೆ. ಸಾಣಾಪುರದಲ್ಲಿ ನಾಲ್ಕು, ಹೇಳಿಯೇ ನುಡಿಸಿ.

ಲಿಸ್ಟ್ ಫೋನಲ್ಲಿ ಇಟ್ಟುಕೊಳ್ಳಲಾ, ಕಾಗದದಲ್ಲಾ?

ಕಾಗದ. ಫೋನ್ ಟ್ರ್ಯಾಕ್ ಓಡಿಸುತ್ತಿರುತ್ತದೆ, ಅದನ್ನು ಮುಟ್ಟಿದಷ್ಟೂ ಅಪಾಯ. ಎ4 ಹಾಳೆ, ದಪ್ಪ ಮಾರ್ಕರ್, ಹಾಡಿನ ಹೆಸರು, ಶ್ರುತಿ, ಯಾವ ಪೆಡಲ್, ಅಷ್ಟೇ. ಕೆಂಪು ಮಾರ್ಕರ್ ಬೇಡ, ಸ್ಟೇಜಿನ ಕೆಂಪು ಲೈಟಲ್ಲಿ ಅಕ್ಷರ ಮಾಯವಾಗುತ್ತದೆ. ನಾಲ್ಕೂ ಮೂಲೆಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ. ಮಂಟಪದ ಪೆಡೆಸ್ಟಲ್ ಫ್ಯಾನ್ ಯಾವ ಹೊತ್ತಿಗೆ ನಿಮ್ಮ ಕಡೆ ತಿರುಗುತ್ತದೋ ಹೇಳಲಾಗುವುದಿಲ್ಲ, ನನ್ನ ಒಂದು ಲಿಸ್ಟ್ ಹಾರಿ ಹೋಗಿ ವರನ ಅತ್ತೆಯ ತಟ್ಟೆಯಲ್ಲಿ ಬಿದ್ದಿತ್ತು.